ಚಾರ್ಜ್‌ಗೆ ಹಾಕಿಯೇ ಬಳಸಿದರೆ ಏನಾಗುತ್ತೆ? ನಾನು ಹೇಳಿಕೊಟ್ಟ ಡಬ್ಬಿ ಉಬ್ಬಿದ ಕಥೆ

ಇವತ್ತು ಅತಿಥಿ ಯಾರೂ ಇಲ್ಲ, ನಾನೊಬ್ಬನೇ. ಯಾಕಂದ್ರೆ ಇವತ್ತಿನದು ತಿದ್ದುಪಡಿ ಸಂಚಿಕೆ. ತಪ್ಪು ಮಾಡಿದವನೇ ಬಂದು ಹೇಳಬೇಕು.

ಹೋದ ವರ್ಷ ಮಳೆಗಾಲದ ಶುರುವಲ್ಲಿ ಒಂದು ಸಂಚಿಕೆ ಮಾಡಿದ್ದೆ, ನೆನಪಿದೆಯಾ? ಕರೆಂಟ್ ಹೋದಾಗಲೂ ಮನೆ ಇಂಟರ್ನೆಟ್ ನಿಲ್ಲದ ಹಾಗೆ, ಐನೂರು ರೂಪಾಯಿಯೊಳಗೆ ರೂಟರ್‌ಗೆ ಒಂದು ಬ್ಯಾಟರಿ ಡಬ್ಬಿ ಮಾಡೋದು ಹೇಗೆ ಅಂತ. ಅದಕ್ಕೆ ನಿಮ್ಮಿಂದ ಬಂದ ಮೆಸೇಜ್‌ಗಳು ನನ್ನ ಬೇರೆ ಯಾವ ಸಂಚಿಕೆಗೂ ಬಂದಿಲ್ಲ. ಕೆಲವರು ಫೋಟೋ ಕಳಿಸಿದ್ರಿ. ಒಬ್ಬರಂತೂ ಸೋಪಿನ ಡಬ್ಬಿಯೊಳಗೆ ಮಾಡಿದ್ರು, ನನ್ನದಕ್ಕಿಂತ ಚೆನ್ನಾಗಿತ್ತು. ಆ ಡಬ್ಬಿ ಮಾಡಿಕೊಂಡವರು ಯಾರಾದರೂ ಈಗ ಕೇಳ್ತಿದ್ದರೆ, ದಯವಿಟ್ಟು ಇಲ್ಲೇ ಪಾಸ್ ಮಾಡಿ, ಎದ್ದು ಹೋಗಿ ಅದರ ಚಾರ್ಜರ್ ತೆಗೆದು ಬನ್ನಿ. ರೂಟರ್‌ನ ವೈರನ್ನೂ ತೆಗೀರಿ. ಆಮೇಲೆ ಮುಂದಿನದು ಕೇಳಿ.

ತೆಗೆದ್ರಾ? ಸರಿ.

ಆ ಡಬ್ಬಿಯನ್ನ ನಾನು ಮೊದಲು ಮಾಡಿದ್ದು ನನಗಾಗಿ ಅಲ್ಲ, ಊರಲ್ಲಿರೋ ಅಪ್ಪ ಅಮ್ಮನಿಗಾಗಿ. ನಮ್ಮನೆ ತೀರ್ಥಹಳ್ಳಿ ಕಡೆ. ಜೂನ್ ಬಂತು ಅಂದ್ರೆ ಎಲ್ಲೋ ಒಂದು ಮರ ಲೈನ್ ಮೇಲೆ ಬೀಳುತ್ತೆ, ಕರೆಂಟ್ ಹೋಗುತ್ತೆ. ಮನೆಯೊಳಗೆ ಫೋನಿಗೆ ಸಿಗ್ನಲ್ ಸಿಗಲ್ಲ. ಕಿಟಕಿ ಪಕ್ಕ ಸಿಮ್ ಹಾಕೋ ಒಂದು ಚಿಕ್ಕ 4ಜಿ ರೂಟರ್ ಇಟ್ಟಿದ್ದೀವಿ, ಅದೇ ಗತಿ. ಅದಕ್ಕೆ ಸ್ವಂತ ಬ್ಯಾಟರಿ ಇಲ್ಲ, 5 ವೋಲ್ಟ್ ಅಡಾಪ್ಟರ್‌ನಲ್ಲಿ ನಡೆಯುತ್ತೆ. ಕರೆಂಟ್ ಹೋದ್ರೆ ರೂಟರ್ ಹೋಯ್ತು, ರೂಟರ್ ಹೋದ್ರೆ ನನಗೂ ಅವರಿಗೂ ಮಾತಿಲ್ಲ. ಹಾಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಮೂರು ವಸ್ತು ತಂದೆ. ಒಂದು ಚಪ್ಪಟೆ ಲಿಥಿಯಂ ಬ್ಯಾಟರಿ, ಅದನ್ನ ಚಾರ್ಜ್ ಮಾಡೋ ಹೆಬ್ಬೆರಳು ಗಾತ್ರದ ನೀಲಿ ಬೋರ್ಡ್, ಮತ್ತೆ ಬ್ಯಾಟರಿಯ 3.7 ವೋಲ್ಟನ್ನ 5 ವೋಲ್ಟ್‌ಗೆ ಏರಿಸೋ ಇನ್ನೊಂದು ಬೋರ್ಡ್. ವೈರ್ ಬೆಸುಗೆ ಹಾಕಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ, ಊರಿಗೆ ಹೋದಾಗ ಕಿಟಕಿ ಪಕ್ಕದ ಮರದ ಶೆಲ್ಫ್ ಮೇಲೆ ಇಟ್ಟು ಬಂದೆ. ಪಕ್ಕದಲ್ಲಿ ಏನೇನಿತ್ತು ಅಂದ್ರೆ ಹಳೇ ಕ್ಯಾಲೆಂಡರ್‌ಗಳು, ಕರೆಂಟ್ ಬಿಲ್‌ಗಳು, ಅಪ್ಪನ ಸೊಸೈಟಿ ಪಾಸ್‌ಬುಕ್. ಪೂರ್ತಿ ಕಾಗದ.

ಕೆಲಸ ಮಾಡ್ತು. ಕರೆಂಟ್ ಹೋದ್ರೂ ಕಾಲ್ ನಿಲ್ಲಲಿಲ್ಲ. ಆ ಖುಷಿಯಲ್ಲೇ ಸಂಚಿಕೆ ಮಾಡಿದ್ದು.

ಈ ಸಲ ಮಾರ್ಚ್‌ನಲ್ಲಿ ಅಮ್ಮ ಫೋನ್ ಮಾಡಿದಾಗ ಮಾತಿನ ಮಧ್ಯೆ ಅಂದ್ರು, "ನಿನ್ನ ಡಬ್ಬಿ ಮುಚ್ಚಳ ಕೂರ್ತಾ ಇಲ್ಲ ಕಣೋ, ಒತ್ತಿದ್ರೂ ಮೇಲೇಳುತ್ತೆ." ಮಳೆಗೆ ಹಿಗ್ಗಿರಬೇಕು ಅಂತ ಬೇರೆ ಸೇರಿಸಿದ್ರು. ಪ್ಲಾಸ್ಟಿಕ್ ಡಬ್ಬಿ ಮಳೆಗೆ ಹಿಗ್ಗಲ್ಲ. ಅದೂ ಮಾರ್ಚ್‌ನಲ್ಲಿ. ನನಗೆ ಅರ್ಥ ಆಯ್ತು, ಹೊಟ್ಟೆಯೊಳಗೆ ತಣ್ಣಗಾಯ್ತು. ಒತ್ತಬೇಡಿ, ಮುಟ್ಟಲೇಬೇಡಿ, ಮೊದಲು ಗೋಡೆ ಸ್ವಿಚ್ ಆಫ್ ಮಾಡಿ ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅಪ್ಪ ಅದನ್ನ ಕಬ್ಬಿಣದ ಬಾಣಲೆಯಲ್ಲಿ ಇಟ್ಕೊಂಡು ಅಂಗಳದ ಸಿಮೆಂಟ್ ಕಟ್ಟೆ ಮೇಲೆ ಇಟ್ರು. ಆ ಶನಿವಾರ ಹೋಗಿ ನೋಡಿದೆ. ಬಿಸ್ಕತ್ತಿನಷ್ಟು ಚಪ್ಪಟೆ ಇದ್ದ ಬ್ಯಾಟರಿ ಪುಟ್ಟ ದಿಂಬಿನ ಹಾಗೆ ಊದಿಕೊಂಡಿತ್ತು.

ಬ್ಯಾಟರಿ ಕೆಟ್ಟದಿತ್ತು ಅಂತ ಹೇಳಿ ಕೈತೊಳ್ಕೋಬಹುದಿತ್ತು. ಆದ್ರೆ ಆ ಚಿಪ್‌ನ ಡೇಟಾಶೀಟ್ ಅನ್ನ ಮೊದಲಿಂದ ಕೊನೆವರೆಗೂ ಓದಿದೆ, ಹೋದ ವರ್ಷವೇ ಓದಬೇಕಿತ್ತು. ನಾನು ಬಿಕಾಂ ಓದಿದವನು, ಅದರಲ್ಲಿ ಅರ್ಧ ಅರ್ಥ ಆಗಲ್ಲ. ಅರ್ಥ ಆಗದ್ದನ್ನ ಇಬ್ಬರು ಎಲೆಕ್ಟ್ರಾನಿಕ್ಸ್ ಗೆಳೆಯರನ್ನ ಕೂರಿಸ್ಕೊಂಡು ಕೇಳಿದೆ. ತಪ್ಪು ಬ್ಯಾಟರಿಯದಲ್ಲ, ಚಿಪ್‌ನದೂ ಅಲ್ಲ. ನಾನು ವೈರ್ ಕೊಟ್ಟ ಜಾಗದ್ದು.

ಆ ನೀಲಿ ಬೋರ್ಡ್ ಮೇಲಿರೋ ಚಿಪ್ ಹೆಸರು ಟಿಪಿ4056. ಒಂದು ಲಿಥಿಯಂ ಸೆಲ್ ಚಾರ್ಜ್ ಮಾಡೋಕೆ ಅಂತಲೇ ಇರೋದು, ಗರಿಷ್ಠ 1 ಆಂಪ್. ಅದು ಕೆಲಸ ಮಾಡೋ ರೀತಿ ಕೊಡ ತುಂಬಿಸಿದ ಹಾಗೆ. ಮೊದಲು ನಲ್ಲಿ ಪೂರ್ತಿ ಬಿಡ್ತೀವಿ. ನೀರು ಕಂಠದ ಹತ್ತಿರ ಬಂದಾಗ ನಲ್ಲಿ ಸಣ್ಣ ಮಾಡ್ತೀವಿ, ಇನ್ನೇನು ತುಂಬಿತು ಅನ್ನೋವಾಗ ನಿಲ್ಲಿಸ್ತೀವಿ. ಬ್ಯಾಟರಿ 4.2 ವೋಲ್ಟ್ ಮುಟ್ಟೋವರೆಗೂ ಚಿಪ್ ಒಂದೇ ಸಮ 1 ಆಂಪ್ ಕೊಡುತ್ತೆ. 4.2 ಬಂದ ಮೇಲೆ ವೋಲ್ಟೇಜನ್ನ ಅಲ್ಲೇ ಹಿಡಿದಿಡುತ್ತೆ, ಬ್ಯಾಟರಿ ಎಳೆಯೋ ಕರೆಂಟ್ ತಾನಾಗೇ ಇಳೀತಾ ಬರುತ್ತೆ. ಇಳಿದು ಇಳಿದು ಹತ್ತನೇ ಒಂದು ಭಾಗಕ್ಕೆ, ಅಂದ್ರೆ 100 ಮಿಲಿಆಂಪ್‌ಗೆ ಬಂದಾಗ ಚಿಪ್ ಅಂದುಕೊಳ್ಳುತ್ತೆ: ತುಂಬಿತು. ಚಾರ್ಜಿಂಗ್ ನಿಲ್ಲಿಸಿ, ಕೆಂಪು ದೀಪ ಆರಿಸಿ, ನೀಲಿ ದೀಪ ಹಚ್ಚುತ್ತೆ.

ಇಲ್ಲಿ ಒಂದು ವಿಷಯ ಗಮನಿಸಿ. ಚಿಪ್‌ಗೆ ಬ್ಯಾಟರಿಯೊಳಗೆ ಇಣುಕೋಕೆ ಕಣ್ಣಿಲ್ಲ. ತನ್ನಿಂದ ಹೊರಗೆ ಎಷ್ಟು ಕರೆಂಟ್ ಹೋಗ್ತಿದೆ ಅನ್ನೋದಷ್ಟೇ ಅದಕ್ಕೆ ಗೊತ್ತು. ಆ ಒಂದು ಲೆಕ್ಕದ ಮೇಲೆ ತುಂಬಿತೋ ಇಲ್ವೋ ಅಂತ ತೀರ್ಮಾನ ಮಾಡುತ್ತೆ.

ನಾನು ಮಾಡಿದ್ದೇನು? ಬ್ಯಾಟರಿಗೆ ಹೋಗೋ ಅದೇ ಎರಡು ತುದಿಗೆ ರೂಟರ್‌ನ ಬೋರ್ಡನ್ನೂ ಸೇರಿಸಿದೆ.

ನಮ್ಮ ಮಾವನದ್ದೊಂದು ದಿನಸಿ ಅಂಗಡಿ ಇತ್ತು. ಗಲ್ಲಾ ಪೆಟ್ಟಿಗೆ ಒಂದೇ. ವ್ಯಾಪಾರದ ದುಡ್ಡೂ ಅದಕ್ಕೇ ಬೀಳೋದು, ಮನೆಗೆ ಹಾಲು, ತರಕಾರಿ, ಮಕ್ಕಳ ಸ್ಕೂಲ್ ಫೀಸು ಎಲ್ಲಾ ಅದರಿಂದಲೇ ಹೋಗೋದು. ತಿಂಗಳ ಕೊನೆಗೆ ಅಂಗಡಿ ಲಾಭದಲ್ಲಿದೆಯಾ ನಷ್ಟದಲ್ಲಿದೆಯಾ ಅಂತ ಕೇಳಿದ್ರೆ ಮಾವ ಗಲ್ಲಾ ತೋರಿಸೋರು. ನಾವು ಬಿಕಾಂ ಮೊದಲ ವರ್ಷದಲ್ಲೇ ಓದ್ತೀವಿ, ಮಾಲೀಕ ಮನೆಗೆ ತೆಗೆದದ್ದನ್ನ ಬೇರೆ ಖಾತೆಯಲ್ಲಿ ಬರೀಬೇಕು ಅಂತ. ಮಾವನಿಗೆ ಅದನ್ನ ಹೇಳೋಕೆ ಹೋಗಿ ಬೈಸಿಕೊಂಡಿದ್ದೀನಿ. ಅದೇ ನಾನು, ಬ್ಯಾಟರಿಗೆ ಬಂದಾಗ ಒಂದೇ ಗಲ್ಲಾ ಇಟ್ಟೆ.

ಈಗ ಲೆಕ್ಕ ಹಾಕಿ. ರೂಟರ್ ಸುಮಾರು 2 ವ್ಯಾಟ್ ಎಳೆಯುತ್ತೆ. ವೋಲ್ಟೇಜ್ ಏರಿಸೋವಾಗ ಆಗೋ ನಷ್ಟ ಸೇರಿಸಿದ್ರೆ ಬ್ಯಾಟರಿ ಕಡೆಯಿಂದ ಅರ್ಧ ಆಂಪ್‌ಗಿಂತ ಸ್ವಲ್ಪ ಹೆಚ್ಚು, 0.6 ಅಂತ ಇಟ್ಕೊಳ್ಳಿ. ಬ್ಯಾಟರಿ ಪೂರ್ತಿ ತುಂಬಿ, ಅದಕ್ಕೆ ಇನ್ನೇನೂ ಬೇಡ ಅನ್ನೋ ಹೊತ್ತಲ್ಲೂ ಚಿಪ್‌ನಿಂದ 0.6 ಆಂಪ್ ಹೋಗ್ತಾನೇ ಇರುತ್ತೆ. ಅದು ರೂಟರ್‌ಗೆ ಹೋಗ್ತಿರೋದು. ಚಿಪ್‌ಗೆ ಗೊತ್ತಾಗಲ್ಲ. ಅದು ಕಾಯ್ತಿರೋದು 0.1 ಆಂಪ್‌ಗೆ ಇಳಿಯೋದನ್ನ, ಇಳಿಯೋದೇ ಇಲ್ಲ. ಬ್ಯಾಟರಿ ಇನ್ನೂ ಕುಡೀತಿದೆ ಅಂತ ನಂಬಿ, ಕೆಂಪು ದೀಪ ಹಚ್ಚಿಕೊಂಡು, ಬ್ಯಾಟರಿಯನ್ನ 4.2 ವೋಲ್ಟ್‌ನಲ್ಲಿ ಎತ್ತಿ ಹಿಡಿದೇ ಇಟ್ಟಿತ್ತು. ಹಗಲು ರಾತ್ರಿ. ತಿಂಗಳುಗಟ್ಟಲೆ.

ಮುಖ್ಯ ಅಂದ್ರೆ, 4.2 ಅನ್ನೋದು ಲಿಥಿಯಂ ಬ್ಯಾಟರಿ ಮುಟ್ಟಿ ವಾಪಸ್ ಬರಬೇಕಾದ ಜಾಗ, ಮನೆ ಮಾಡೋ ಜಾಗ ಅಲ್ಲ. ಇನ್ವರ್ಟರ್‌ನ ಲೆಡ್ ಆಸಿಡ್ ಬ್ಯಾಟರಿಯನ್ನ ಸದಾ ಸಣ್ಣ ಚಾರ್ಜ್‌ನಲ್ಲಿ ಇಡಬಹುದು, ಅದನ್ನ ಹಾಗೇ ಬಳಸೋದು. ಲಿಥಿಯಂ ಹಾಗಲ್ಲ. ತುಂಬಿದ ವೋಲ್ಟೇಜ್‌ನಲ್ಲೇ ಕೂರಿಸಿದ್ರೆ, ಅದರಲ್ಲೂ ಸೆಕೆಯಲ್ಲಿ ಕೂರಿಸಿದ್ರೆ, ಒಳಗಿನ ದ್ರಾವಣ ನಿಧಾನಕ್ಕೆ ಒಡೆದು ಅನಿಲ ಹುಟ್ಟುತ್ತೆ. ಚಪ್ಪಟೆ ಬ್ಯಾಟರಿಯ ಹೊರಕವಚ ತೆಳು ಹಾಳೆ. ಅನಿಲಕ್ಕೆ ಹೋಗೋಕೆ ಜಾಗ ಇಲ್ಲ. ಊದಿಕೊಳ್ಳುತ್ತೆ.

ಅಯ್ಯೋ, ಬೋರ್ಡ್ ಮೇಲೆ ರಕ್ಷಣೆ ಇರುತ್ತಲ್ಲ ಅಂತ ಕೆಲವರು ಕೇಳ್ತೀರಾ. ಇರುತ್ತೆ. ಅದೇ ಬೋರ್ಡ್ ಮೇಲೆ ಡಿಡಬ್ಲ್ಯು01 ಅನ್ನೋ ಇನ್ನೊಂದು ಪುಟ್ಟ ಚಿಪ್ ಇದೆ. ಆದ್ರೆ ಅದು ಎದ್ದು ನಿಲ್ಲೋದು 4.3 ವೋಲ್ಟ್ ಆಸುಪಾಸಿಗೆ. ಬಾಗಿಲಲ್ಲಿ ನಿಂತ ವಾಚ್‌ಮನ್ ಅದು, ಕಳ್ಳ ಬಂದ್ರೆ ಹಿಡೀತಾನೆ. ಮನೆಯೊಳಗೆ ಯಾರಾದ್ರೂ ದಿನಾ ಇಷ್ಟಿಷ್ಟೇ ಉಪ್ಪಿನಕಾಯಿ ಜಾಸ್ತಿ ತಿಂದು ಬಿಪಿ ಏರಿಸ್ಕೊಂಡ್ರೆ ವಾಚ್‌ಮನ್‌ಗೆ ಏನು ಗೊತ್ತಾಗುತ್ತೆ?

ಇನ್ನೊಂದು ಇದೆ, ಇದಕ್ಕೆ ನನಗೆ ಜಾಸ್ತಿ ನಾಚಿಕೆ. ಟಿಪಿ4056ಗೆ ಬ್ಯಾಟರಿಯ ಬಿಸಿ ಅಳೆಯೋಕೆ ಅಂತಲೇ ಒಂದು ಕಾಲು ಇದೆ, ಒಂದನೇ ಕಾಲು. ಅಲ್ಲಿಗೆ ಉಷ್ಣತೆ ಗುರುತಿಸೋ ಒಂದು ರೆಸಿಸ್ಟರ್ ಸೇರಿಸಿದ್ರೆ, ಬ್ಯಾಟರಿ ಬಿಸಿಯಾದಾಗ ಚಿಪ್ ಚಾರ್ಜಿಂಗ್ ನಿಲ್ಲಿಸುತ್ತೆ. ಸಾಮಾನ್ಯವಾಗಿ ಸಿಗೋ ಅಗ್ಗದ ನೀಲಿ ಬೋರ್ಡ್‌ಗಳಲ್ಲಿ ಆ ಕಾಲನ್ನ ನೇರವಾಗಿ ಗ್ರೌಂಡ್‌ಗೆ ಕಟ್ಟಿಬಿಟ್ಟಿರ್ತಾರೆ. ಅಂದ್ರೆ ಮೂಗಿದ್ದರೂ ಮುಚ್ಚಿರ್ತಾರೆ. ನಾನು ಆ ಸಂಚಿಕೆಯಲ್ಲಿ "ಬಿಸಿಯಾದ್ರೆ ಅದೇ ನಿಲ್ಲಿಸುತ್ತೆ, ಚಿಂತೆ ಬೇಡ" ಅಂದಿದ್ದೆ. ಚಿಪ್ ತನ್ನ ಮೈ ಬಿಸಿಯಾದ್ರೆ ಕರೆಂಟ್ ಇಳಿಸುತ್ತೆ, ಅದು ನಿಜ. ಬ್ಯಾಟರಿ ಬಿಸಿಯಾಗಿರೋದು ಆ ಬೋರ್ಡ್‌ನಲ್ಲಿ ಅದಕ್ಕೆ ಗೊತ್ತೇ ಆಗಲ್ಲ. ಎರಡೂ ಒಂದೇ ಅಂದುಕೊಂಡಿದ್ದೆ.

ಚಿಪ್ ಯಾಕೆ ಬಿಸಿಯಾಗುತ್ತೆ ಅಂದ್ರೆ, ಇದು ಲೀನಿಯರ್ ಚಾರ್ಜರ್. 5 ವೋಲ್ಟ್ ಬರುತ್ತೆ, ಬ್ಯಾಟರಿ 3.7ರಲ್ಲಿದೆ, ಮಧ್ಯದ 1.3 ವೋಲ್ಟನ್ನ ಬರೀ ಶಾಖ ಮಾಡಿ ಬಿಸಾಡುತ್ತೆ. 1 ಆಂಪ್ ಹೋಗ್ತಿದ್ರೆ 1.3 ವ್ಯಾಟ್. ಉದ್ದಿನಕಾಳಿನಷ್ಟು ದೊಡ್ಡ ಚಿಪ್‌ಗೆ ಅದು ಸಣ್ಣದಲ್ಲ. ನಾನು ಅದನ್ನ ಬ್ಯಾಟರಿಗೆ ಅಂಟಿಸಿದ ಹಾಗೆ, ಗಾಳಿ ಆಡದ ಡಬ್ಬಿಯೊಳಗೆ ಇಟ್ಟಿದ್ದೆ.

ಈಗ ಅಮ್ಮನ ವಿಷಯಕ್ಕೆ ಬರ್ತೀನಿ. ಊರಿಗೆ ಹೋದಾಗ ಕೇಳಿದೆ, ಇಷ್ಟು ದಿನ ಬೇರೆ ಏನಾದ್ರೂ ತೊಂದರೆ ಕೊಡ್ತಿತ್ತಾ ಅಂತ. ಅಮ್ಮ ಅಂದ್ರು, "ತುಂಬಾ ಹೊತ್ತು ಕರೆಂಟ್ ಹೋಗಿ ಬಂದಾಗ ರೂಟರ್ ಮಿಣಮಿಣ ಅಂತ ಹತ್ತಿ ಆರಿ ಮಾಡ್ತಿತ್ತು. ನಾನು ರೂಟರ್ ವೈರ್ ಕಿತ್ತು, ಅನ್ನ ಆಗೋವರೆಗೂ ಬಿಟ್ಟು ಮತ್ತೆ ಹಾಕ್ತಿದ್ದೆ, ಸರಿಹೋಗ್ತಿತ್ತು." ನನಗೆ ಒಂದು ಮಾತೂ ಹೇಳಿರಲಿಲ್ಲ, ಮಗ ಕಷ್ಟಪಟ್ಟು ಮಾಡಿದ್ದು ಅಂತ.

ಅಮ್ಮ ಕಂಡುಹಿಡಿದಿದ್ದು ಏನು ಗೊತ್ತಾ? ಬ್ಯಾಟರಿ ಪೂರ್ತಿ ಖಾಲಿಯಾಗಿ 2.9 ವೋಲ್ಟ್‌ಗಿಂತ ಕೆಳಗೆ ಹೋಗಿದ್ರೆ ಟಿಪಿ4056 ಒಮ್ಮೆಲೇ 1 ಆಂಪ್ ನುಗ್ಗಿಸಲ್ಲ. ಉಪವಾಸ ಇದ್ದವನಿಗೆ ಮೊದಲು ಗಂಜಿ ಕೊಟ್ಟ ಹಾಗೆ ಹತ್ತನೇ ಒಂದು ಭಾಗ ಮಾತ್ರ ಕೊಡುತ್ತೆ, ಬ್ಯಾಟರಿ ಚೇತರಿಸ್ಕೊಂಡ ಮೇಲೆ ಪೂರ್ತಿ ಊಟ. ಆದ್ರೆ ನನ್ನ ಡಬ್ಬಿಯಲ್ಲಿ ಆ 0.1 ಆಂಪ್ ಗಂಜಿ ಬರೋಕೂ ರೂಟರ್ ಅರ್ಧ ಆಂಪ್‌ಗಿಂತ ಹೆಚ್ಚು ಕಿತ್ಕೊಂಡು ತಿನ್ನೋಕೂ ಸರಿಹೋಗ್ತಿತ್ತು. ಬ್ಯಾಟರಿ ಮತ್ತೆ ಕುಸಿಯೋದು, ರಕ್ಷಣೆ ಚಿಪ್ ಕತ್ತರಿಸೋದು, ರೂಟರ್ ಆರೋದು, ಸ್ವಲ್ಪ ವೋಲ್ಟೇಜ್ ಏರೋದು, ರೂಟರ್ ಮತ್ತೆ ಎದ್ದು ಕಿತ್ಕೊಳ್ಳೋದು. ಅಮ್ಮ ರೂಟರ್ ವೈರ್ ಕಿತ್ತಾಗ ಗಲ್ಲಾದಿಂದ ಮನೆ ಖರ್ಚು ನಿಂತಿತು, ಬ್ಯಾಟರಿ ಎದ್ದು ಕೂತಿತು. ಆ ಮಿಣಮಿಣ ನನಗೆ ಮೊದಲೇ ಗೊತ್ತಾಗಿದ್ರೆ ವೈರ್ ತಪ್ಪು ಜಾಗದಲ್ಲಿದೆ ಅಂತ ಅವತ್ತೇ ಹೊಳೀಬೇಕಿತ್ತು. ಹೊಳೀತಿತ್ತಾ? ಪ್ರಾಮಾಣಿಕವಾಗಿ ಹೇಳಬೇಕಂದ್ರೆ, ಇಲ್ಲ.

ಹಾಗಾದ್ರೆ ಸರಿಯಾದ ದಾರಿ ಯಾವುದು? ಎರಡು ಖಾತೆ. ಎಂಜಿನಿಯರ್‌ಗಳು ಇದಕ್ಕೆ ಪವರ್ ಪಾತ್ ಅಂತಾರೆ, ವಿದ್ಯುತ್ ಹೋಗೋ ದಾರಿಯನ್ನ ನಿಭಾಯಿಸೋದು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಕ್ಯೂ24075 ಅಂತ ಒಂದು ಚಿಪ್ ಇದೆ, ಗೆಳೆಯ ಅದರ ಚಿತ್ರ ಬರೆದು ವಿವರಿಸಿದ. ಅದಕ್ಕೆ ಹೊರಹೋಗೋ ಬಾಗಿಲು ಎರಡು. ಒಂದು ಬ್ಯಾಟರಿಗೆ, ಇನ್ನೊಂದು ಉಪಕರಣಕ್ಕೆ. ಅಡಾಪ್ಟರ್ ಹಾಕಿದಾಗ ಉಪಕರಣಕ್ಕೆ ಅಡಾಪ್ಟರ್‌ನಿಂದಲೇ ನೇರ ಊಟ. ಉಳಿದಿದ್ದರಲ್ಲಿ ಬ್ಯಾಟರಿ ಚಾರ್ಜ್. ಬ್ಯಾಟರಿಗೆ ಹೋಗೋ ಕರೆಂಟನ್ನ ಬೇರೆಯಾಗಿ ಅಳೆಯೋದ್ರಿಂದ, ತುಂಬಿದಾಗ ಸರಿಯಾಗಿ ಗೊತ್ತಾಗುತ್ತೆ, ನಿಲ್ಲಿಸುತ್ತೆ. ಉಪಕರಣ ಮಾತ್ರ ಅಡಾಪ್ಟರ್ ಮೇಲೆ ನಡೀತಾನೇ ಇರುತ್ತೆ. ಬ್ಯಾಟರಿ ಸುಮ್ಮನೆ ಪಕ್ಕದಲ್ಲಿ ರೆಸ್ಟ್.

ಚೆಂದ ಇರೋದು ಅಡಾಪ್ಟರ್ ಸಾಲದೇ ಬಂದಾಗ. ಉಪಕರಣ ಇದ್ದಕ್ಕಿದ್ದ ಹಾಗೆ ಜಾಸ್ತಿ ಕೇಳ್ತು ಅಂದ್ಕೊಳ್ಳಿ. ಒಳಗಿನ ವೋಲ್ಟೇಜ್ ಕುಸಿಯೋಕೆ ಶುರುವಾದ ತಕ್ಷಣ ಚಿಪ್ ಮೊದಲು ಬ್ಯಾಟರಿಯ ಪಾಲು ಕಡಿಮೆ ಮಾಡುತ್ತೆ. ಇನ್ನೂ ಸಾಲಲಿಲ್ವಾ, ಪೂರ್ತಿ ನಿಲ್ಲಿಸುತ್ತೆ. ಆಗಲೂ ಸಾಲಲಿಲ್ಲ ಅಂದ್ರೆ ದಿಕ್ಕನ್ನೇ ತಿರುಗಿಸಿ ಬ್ಯಾಟರಿಯಿಂದಲೂ ಸ್ವಲ್ಪ ತಗೊಂಡು ಉಪಕರಣಕ್ಕೆ ಕೊಡುತ್ತೆ. ಸಂಬಳ ಕಡಿಮೆ ಬಂದ ತಿಂಗಳು ನಾವು ಆರ್‌ಡಿ ಕಟ್ಟೋದು ಬಿಟ್ಟು, ಇನ್ನೂ ಸಾಲದಿದ್ರೆ ಎಸ್‌ಬಿ ಖಾತೆಗೆ ಕೈ ಹಾಕಲ್ವಾ, ಹಾಗೆ. ನಮ್ಮದು ತಿಂಗಳ ಲೆಕ್ಕ, ಇದು ಕಣ್ಣು ಮಿಟುಕಿಸೋದ್ರೊಳಗೆ. ಗಂಜಿ ಸಮಸ್ಯೆಯೂ ಇಲ್ಲ. ಬ್ಯಾಟರಿ ಪೂರ್ತಿ ಸತ್ತಿದ್ರೂ ಉಪಕರಣ ಅಡಾಪ್ಟರ್ ಮೇಲೆ ಎದ್ದು ನಿಲ್ಲುತ್ತೆ, ಬ್ಯಾಟರಿ ತನ್ನ ಪಾಡಿಗೆ ನಿಧಾನಕ್ಕೆ ಚೇತರಿಸ್ಕೊಳ್ಳುತ್ತೆ.

ಈಗ ನಿಮ್ಮ ಕೈಯಲ್ಲಿರೋ ಫೋನ್. ಚಾರ್ಜ್‌ಗೆ ಹಾಕಿ ಫೋನ್ ಬಳಸಬಾರದು, ರಾತ್ರಿಯಿಡೀ ಹಾಕಬಾರದು, ಸಿಡಿಯುತ್ತೆ ಅಂತ ನಿಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಬಂದಿರುತ್ತೆ. ನನ್ನ ಡಬ್ಬಿಯಲ್ಲಿ ಇಲ್ಲದ್ದು ನಿಮ್ಮ ಫೋನ್‌ನಲ್ಲಿದೆ. ಇವತ್ತಿನ ಸ್ಮಾರ್ಟ್‌ಫೋನ್‌ನೊಳಗೆ ಈ ಎರಡು ಖಾತೆಯ ವ್ಯವಸ್ಥೆ ಇರುತ್ತೆ, ಬ್ಯಾಟರಿಯ ಬಿಸಿ ನೋಡೋ ಮೂಗೂ ಇರುತ್ತೆ. ನೂರು ಪರ್ಸೆಂಟ್ ಆದ ಮೇಲೆ ಚಾರ್ಜಿಂಗ್ ನಿಲ್ಲುತ್ತೆ. ಅಂದಹಾಗೆ, ನಾವು ಚಾರ್ಜರ್ ಅಂತ ಕರೆಯೋ ಗೋಡೆಗೆ ಸಿಗಿಸೋ ಇಟ್ಟಿಗೆ ನಿಜವಾಗಿ ಅಡಾಪ್ಟರ್ ಅಷ್ಟೇ. ಬ್ಯಾಟರಿಗೆ ಎಷ್ಟು ಹೋಗಬೇಕು, ಯಾವಾಗ ನಿಲ್ಲಬೇಕು ಅನ್ನೋ ಹಿಡಿತ ಸಾಮಾನ್ಯವಾಗಿ ಫೋನ್ ಒಳಗಿನ ಚಿಪ್‌ನ ಕೈಲಿರುತ್ತೆ.

2016ರ ಗ್ಯಾಲಕ್ಸಿ ನೋಟ್ 7 ನೆನಪಿದ್ದವರು ಕೈ ಎತ್ತುತ್ತೀರಿ. ಆ ಫೋನ್‌ಗಳು ಬೆಂಕಿ ಹತ್ತಿ, ವಿಮಾನದಲ್ಲಿ ಒಯ್ಯಬೇಡಿ ಅಂತ ಘೋಷಣೆ ಆಗ್ತಿದ್ದ ಕಾಲ. ಸ್ಯಾಮ್‌ಸಂಗ್ 2017ರ ಜನವರಿಯಲ್ಲಿ ತನಿಖೆಯ ಫಲಿತಾಂಶ ಹೇಳಿದಾಗ ಕಾರಣ ಬ್ಯಾಟರಿ ಸೆಲ್‌ಗಳ ವಿನ್ಯಾಸ ಮತ್ತು ತಯಾರಿಕೆಯ ದೋಷ ಅಂತ ಬಂತು. ಜನ ಚಾರ್ಜ್‌ಗೆ ಹಾಕಿ ಬಳಸಿದ್ದು ಅಂತ ಅಲ್ಲ.

ಹಾಗಂತ ಚಾರ್ಜ್‌ಗೆ ಹಾಕಿ ಎರಡು ಗಂಟೆ ಗೇಮ್ ಆಡಿ ಅಂತ ನಾನು ಹೇಳ್ತಿಲ್ಲ. ದಾರಿಯ ಸಮಸ್ಯೆ ಅಲ್ಲ ಅದು, ಬಿಸಿಯ ಸಮಸ್ಯೆ. ಪ್ರೊಸೆಸರ್ ಬಿಸಿ, ಚಾರ್ಜಿಂಗ್ ಬಿಸಿ, ಎರಡೂ ಒಂದೇ ತೆಳು ಪೆಟ್ಟಿಗೆಯಲ್ಲಿ. ಲಿಥಿಯಂ ಬ್ಯಾಟರಿಯನ್ನ 45 ಡಿಗ್ರಿ ದಾಟಿದ ಮೇಲೆ ಪೂರ್ತಿ ವೇಗದಲ್ಲಿ ಚಾರ್ಜ್ ಮಾಡಬಾರದು, ಸೊನ್ನೆ ಡಿಗ್ರಿ ಕೆಳಗೆ ಮಾಡಲೇಬಾರದು ಅನ್ನೋ ಧಾಟಿಯ ಸುರಕ್ಷತಾ ಸೂಚಿಯನ್ನ ಜಪಾನಿನ ಉದ್ಯಮ ಸಂಘಟನೆಗಳು 2007ರಲ್ಲೇ ಕೊಟ್ಟಿವೆ. ಈಗಿನ ಎಷ್ಟೋ ಚಾರ್ಜರ್ ಚಿಪ್‌ಗಳು ಅದೇ ಲೆಕ್ಕ ಇಟ್ಕೊಂಡಿರುತ್ತವೆ. ಹಾಗಾಗಿಯೇ ಬಿಸಿಲಲ್ಲಿ ಬೈಕ್ ಹ್ಯಾಂಡಲ್‌ಗೆ ಫೋನ್ ಸಿಗಿಸಿ, ಮ್ಯಾಪ್ ಹಾಕ್ಕೊಂಡು, ಪವರ್‌ಬ್ಯಾಂಕ್ ಚುಚ್ಚಿಕೊಂಡು ಓಡಾಡೋ ಡೆಲಿವರಿ ಹುಡುಗರು ಹೇಳೋದು, "ಚಾರ್ಜ್ ಆಗ್ತಿದೆ ಅಂತ ತೋರಿಸುತ್ತೆ ಅಣ್ಣ, ಪರ್ಸೆಂಟ್ ಮಾತ್ರ ಇಳೀತಿದೆ." ಫೋನ್ ಕೆಟ್ಟಿಲ್ಲ. ಬಿಸಿಯಾಗಿರೋದ್ರಿಂದ ಬ್ಯಾಟರಿಯ ಪಾಲು ಕತ್ತರಿಸಿದೆ, ಪವರ್‌ಬ್ಯಾಂಕ್‌ನ ಸವೆದ ಕೇಬಲ್‌ನಿಂದ ಬರೋದು ಮ್ಯಾಪ್‌ಗೂ ಸ್ಕ್ರೀನ್‌ಗೂ ಸಾಲ್ತಿಲ್ಲ, ಎಸ್‌ಬಿ ಖಾತೆಗೆ ಕೈ ಹಾಕಿದೆ. ಕೇಬಲ್ ಬದಲಿಸಿ, ಫೋನ್ ನೆರಳಿಗೆ ಬರೋ ಹಾಗೆ ಮಾಡಿ ನೋಡಿ.

ಕೆಲವು ಫೋನ್‌ಗಳಲ್ಲಿ ಈ ಎರಡನೇ ದಾರಿಯನ್ನ ನಮ್ಮ ಕೈಗೇ ಕೊಟ್ಟಿದ್ದಾರೆ. ಕೆಲವು ಸ್ಯಾಮ್‌ಸಂಗ್ ಫೋನ್‌ಗಳ ಗೇಮ್ ಬೂಸ್ಟರ್‌ನಲ್ಲಿ, ಸೋನಿಯ ಕೆಲವು ಎಕ್ಸ್‌ಪೀರಿಯಾಗಳಲ್ಲಿ, ಗೇಮ್ ಆಡೋವಾಗ ಬ್ಯಾಟರಿ ಚಾರ್ಜ್ ನಿಲ್ಲಿಸಿ ಅಡಾಪ್ಟರ್‌ನಿಂದಲೇ ಫೋನ್ ನಡೆಸೋ ಆಯ್ಕೆ ಇದೆ. ಐಫೋನ್ 15ರಿಂದ 80 ಪರ್ಸೆಂಟ್‌ಗೆ ನಿಲ್ಲಿಸೋ ಆಯ್ಕೆ ಬಂತು. ದಿನಪೂರ್ತಿ ಮೇಜಿನ ಮೇಲೆ ಚಾರ್ಜ್‌ಗೆ ಹಾಕಿಟ್ಟು ಕೆಲಸ ಮಾಡೋರು ಅದನ್ನ ಆನ್ ಮಾಡ್ಕೊಳ್ಳಿ. ನನ್ನ ಊದಿದ ಬ್ಯಾಟರಿಗೆ ಆಗಿದ್ದಕ್ಕೆ ಇದೇ ಮದ್ದು, ಕಂಠದವರೆಗೂ ತುಂಬಿಸಿ ಕೂರಿಸೋದು ಬೇಡ.

ಪವರ್‌ಬ್ಯಾಂಕ್‌ಗಳ ವಿಷಯ ಬೇರೆ. ಪವರ್‌ಬ್ಯಾಂಕನ್ನ ಗೋಡೆಗೆ ಹಾಕಿ, ಅದರಿಂದ ರೂಟರ್ ಅಥವಾ ಫೋನ್‌ಗೆ ವೈರ್ ಕೊಟ್ಟು, ಯಾವಾಗಲೂ ಹಾಗೇ ಬಿಡೋ ಅಭ್ಯಾಸ ಹಾಸ್ಟೆಲ್‌ಗಳಲ್ಲಿ ಜೋರಾಗಿದೆ. ಕೆಲವಕ್ಕೆ ಅದು ಬರುತ್ತೆ, ಡಬ್ಬದ ಮೇಲೆ ಪಾಸ್ ಥ್ರೂ ಅಂತ ಬರೆದಿರ್ತಾರೆ. ಅಷ್ಟು ಬರೆದಿದ್ದ ಮಾತ್ರಕ್ಕೆ ತಿಂಗಳುಗಟ್ಟಲೆ ಬಿಡಬಹುದು ಅಂತಲ್ಲ. ಬರೆದೇ ಇಲ್ಲ ಅಂದ್ರೆ ಒಳಗೆ ನನ್ನ ಡಬ್ಬಿಯೇ ಇರಬಹುದು ಅಂದ್ಕೊಂಡು ದೂರ ಇರಿ.

ಈಗ ಡಬ್ಬಿ ಮಾಡಿಕೊಂಡವರಿಗೆ. ಬ್ಯಾಟರಿ ಊದಿದ್ರೆ ಚುಚ್ಚಬೇಡಿ, ಒತ್ತಬೇಡಿ, "ಇನ್ನೊಂದ್ಸಲ ಚಾರ್ಜ್ ಮಾಡಿ ನೋಡೋಣ" ಬೇಡವೇ ಬೇಡ. ಬೆಂಕಿ ಹತ್ತೋ ವಸ್ತುಗಳಿಂದ ದೂರ, ಮನೆ ಹೊರಗೆ, ಒಣ ಜಾಗದಲ್ಲಿ ಇಡಿ. ಕಸದ ಗಾಡಿಗೂ ಹಾಕಬೇಡಿ, ಅಲ್ಲಿ ಜಜ್ಜಿ ಹೋದ್ರೆ ಗಾಡಿಯೇ ಹೊತ್ತಿಕೊಳ್ಳುತ್ತೆ. ನಮ್ಮ ದೇಶದಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸೋ ಹೊಣೆ ಅದನ್ನ ತಯಾರಿಸಿದವರ ಮೇಲಿದೆ. ಇ-ತ್ಯಾಜ್ಯ ತಗೊಳ್ಳೋ ಕೇಂದ್ರಕ್ಕೆ ಮೊದಲು ಫೋನ್ ಮಾಡಿ, ಊದಿದೆ ಅಂತ ಹೇಳಿಯೇ ತಗೊಂಡು ಹೋಗಿ.

ಊದಿಲ್ಲ ಅಂದ್ರೂ ಆ ವೈರಿಂಗ್‌ನಲ್ಲಿ ಮತ್ತೆ ಬಳಸಬೇಡಿ. ಒಂದು ಮಾಸ್‌ಫೆಟ್, ಒಂದು ಡಯೋಡ್, ಒಂದು ರೆಸಿಸ್ಟರ್ ಹಾಕಿ ಅದೇ ಬೋರ್ಡ್‌ಗೆ ಎರಡನೇ ದಾರಿ ಮಾಡಬಹುದು. ಅಡಾಪ್ಟರ್ ಇದ್ದಾಗ ಮಾಸ್‌ಫೆಟ್ ಮುಚ್ಚಿಕೊಂಡು ಬ್ಯಾಟರಿಯನ್ನ ರೂಟರ್‌ನಿಂದ ಬೇರೆ ಮಾಡುತ್ತೆ, ಅಡಾಪ್ಟರ್ ಹೋದಾಗ ತೆರೆಯುತ್ತೆ. ಆದ್ರೆ ಮಾಸ್‌ಫೆಟ್‌ನ ಕಾಲು ಉಲ್ಟಾ ಹಾಕಿದ್ರೆ ಮತ್ತೆ ಗೋವಿಂದ. ಕಿವಿಯಲ್ಲಿ ಕೇಳಿಸ್ಕೊಂಡು ಬೆಸುಗೆ ಹಾಕೋ ವಿಷಯ ಅಲ್ಲ ಅದು. ಒಂದು ಸಲ ಹೇಳಿ ಕೈ ಸುಟ್ಟುಕೊಂಡಿದ್ದೀನಿ, ಇನ್ನೊಂದ್ಸಲ ಹೇಳಲ್ಲ. ಎಲೆಕ್ಟ್ರಾನಿಕ್ಸ್ ಗೊತ್ತಿರೋರು ಪಕ್ಕದಲ್ಲಿದ್ರೆ ಮಾತ್ರ ಮಾಡಿ. ಇಲ್ಲಾಂದ್ರೆ ರೂಟರ್‌ಗಂತಲೇ ಬರೋ ರೆಡಿ ಮಿನಿ ಯುಪಿಎಸ್ ಕೊಳ್ಳಿ. ದುಡ್ಡು ಜಾಸ್ತಿ ಆಗುತ್ತೆ. ಆಗಲಿ.

ಹಳೇ ಸಂಚಿಕೆಯನ್ನ ತೆಗೆದುಹಾಕಿಲ್ಲ, ಅದರ ಶುರುವಿನಲ್ಲೇ ಈ ಎಚ್ಚರಿಕೆ ಸೇರಿಸಿದ್ದೀನಿ. ತೆಗೆದುಬಿಟ್ರೆ ಈಗಾಗಲೇ ಮಾಡಿಕೊಂಡವರಿಗೆ ತಲುಪೋದು ಹೇಗೆ? ಫೋಟೋ ಕಳಿಸಿದ್ದ ಎಲ್ಲರಿಗೂ ಒಬ್ಬೊಬ್ಬರಾಗಿ ಮೆಸೇಜ್ ಮಾಡಿದ್ದೀನಿ. ಹನ್ನೊಂದು ಜನರಲ್ಲಿ ಒಂಬತ್ತು ಜನ ಉತ್ತರ ಕೊಟ್ರು, ತೆಗೆದ್ವಿ ಅಂದ್ರು. ಸೋಪಿನ ಡಬ್ಬಿಯವರು, ನೀವು ಇನ್ನೂ ಮೆಸೇಜ್ ನೋಡಿಲ್ಲ. ಕೇಳ್ತಿದ್ರೆ ಒಂದು ಸಾಲು ಕಳಿಸಿ. ನಿಮ್ಮ ಪರಿಚಯದಲ್ಲಿ ಯಾರಾದ್ರೂ ಇಂಥ ಡಬ್ಬಿ ಇಟ್ಕೊಂಡಿದ್ರೆ ಈ ಸಂಚಿಕೆ ಅವರಿಗೆ ಕಳಿಸಿ, ನನ್ನ ಹೆಸರು ಹಾಳಾದ್ರೂ ಪರವಾಗಿಲ್ಲ.

ಊರಲ್ಲಿ ಈಗ ಅಂಗಡಿಯಿಂದ ತಂದ ಯುಪಿಎಸ್ ಇದೆ. ಮರದ ಶೆಲ್ಫ್ ಮೇಲಲ್ಲ, ಗೋಡೆಗೆ ಕೊರೆದ ಕಲ್ಲಿನ ಗೂಡಿನಲ್ಲಿ. ಅಪ್ಪ ದಿನಾ ಸಂಜೆ ಅದರ ಮೇಲೆ ಕೈಯಿಟ್ಟು, ಬಿಸಿ ಇದೆಯಾ ಅಂತ ನೋಡಿ, ವಾಟ್ಸಾಪ್‌ನಲ್ಲಿ ನನಗೆ ಒಂದು ಪದ ಕಳಿಸ್ತಾರೆ. ನಿನ್ನೆ ಬಂದದ್ದು: "ಉಗುರುಬೆಚ್ಚಗೆ."